ಹತ್ತರವರೆಗೆ ಎಣಿಸುವಷ್ಟು ಹೊತ್ತು

ನಂಜನಗೂಡು
೧೮ ಮೇ ೨೦೨೫, ಭಾನುವಾರ

ಪ್ರೀತಿಯ ತಮ್ಮ ನಂಜುಂಡೇಶ,

ನಿನ್ನ ಸೊಂಟ ಹೇಗಿದೆ? ಹಾಲಿನ ಕ್ಯಾನು ಎತ್ತಬೇಡಿ ಎಂದು ಡಾಕ್ಟರು ಹೇಳಿದರೂ ನೀನು ಕೇಳುತ್ತಿಲ್ಲವೆಂದು ಮಂಗಳ ಮೊನ್ನೆ ಅವ್ವನ ಹತ್ತಿರ ಫೋನಿನಲ್ಲಿ ಹೇಳಿದಳು. ಡೇರಿ ಸೆಕ್ರೆಟರಿಯೇ ಕ್ಯಾನು ಹೊರಬೇಕೆಂದು ಎಲ್ಲೂ ಬರೆದಿಲ್ಲ, ಬೇರೆಯವರಿಗೆ ಹೇಳು. ಮಂಗಳನ ತಲೆಸುತ್ತು ಕಡಿಮೆಯಾಯಿತೇ? ಅವ್ವನ ಎಡಗಣ್ಣಿನ ಪೊರೆ ತೆಗೆಸಿದೆವು. ಈಗ ಮನೆಯ ಮೂಲೆಯಲ್ಲಿರುವ ಧೂಳೆಲ್ಲ ಕಾಣಿಸಿ ದಿನವೂ ನನಗೆ ಬೈಯುತ್ತಾಳೆ. ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ, ಮನೆಗೆಲಸ, ಎಲ್ಲವೂ ಸರಿಯಾಗಿ ನಡೆಯುತ್ತಿವೆ.

ಎರಡು ವರ್ಷ ನಾಲ್ಕು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ. ಅವ್ವನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದನ್ನು ತಪ್ಪು ಎನ್ನುತ್ತಿಲ್ಲ. ಗೌತಮಿಯನ್ನು ನೀನು ನನ್ನ ಶಾಲೆಗೆ ಹೊತ್ತು ತಂದೆ, ನಾನು ವಾಪಸ್ಸು ಕಳಿಸಿದೆ. ಏಳು ತಿಂಗಳಿಗೆ ನಿನ್ನ ಮಗು ನ್ಯುಮೋನಿಯಾ ಬಂದು ಹೋಯಿತು. ನನ್ನ ಶಾಲೆಗೆ ಸೇರಿಸಿಕೊಂಡಿದ್ದರೆ ಉಳಿಯುತ್ತಿತ್ತು ಎಂದು ನೀನೂ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಆದರೂ ತಿಥಿಯ ದಿನ ನೀನು ನನಗೆ ಎಲೆ ಹಾಕಿಸಿದೆ, ಎರಡು ಸಲ ಅನ್ನ ಬಡಿಸಿದೆ, ಒಂದು ಮಾತು ಆಡಲಿಲ್ಲ. ಆಮೇಲೆ ತಾಂಡವಪುರದ ಬಾಡಿಗೆ ಮನೆ ಖಾಲಿ ಮಾಡಿ, ಫ್ಯಾಕ್ಟರಿ ಕೆಲಸ ಬಿಟ್ಟು, ಮೂಗೂರಿನಾಚೆ ಮಂಗಳನ ಊರಿಗೆ ಹೋದೆ. ಅದನ್ನೂ ಅವ್ವನಿಂದ ತಿಳಿದೆ. ಅಂದಿನಿಂದ ನನಗೆ ಅಳು ಬಂದಿಲ್ಲ. ಬರಬೇಕೆಂದು ಕಾದೆ. ಅವ್ವ ಅತ್ತಾಗ ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದೆ. ನನ್ನ ಕೈ ಬೇರೆ ಯಾರದೋ ಎಂಬಂತೆ ಇತ್ತು. ಈಗಲೂ ಬಹುತೇಕ ಹಾಗೆಯೇ ಇದೆ.

ನಿನಗೆ ಹೇಳಬೇಕಾದದ್ದು ಒಬ್ಬ ಹುಡುಗಿಯ ವಿಷಯ. ಹೆಸರು ಲಿಖಿತಾ. ಗೌತಮಿ ಹೋದ ವರ್ಷವೇ ಜೂನ್‌ನಲ್ಲಿ ನನ್ನ ನಾಲ್ಕನೇ ಕ್ಲಾಸಿಗೆ ಬಂದಳು. ನಮ್ಮ ಶಾಲೆ ನಿನಗೆ ಗೊತ್ತಲ್ಲ, ಕಳಲೆ ದಾಟಿ ಒಳಗೆ, ಎರಡು ಕೋಣೆ, ನಾನು ಮತ್ತು ಹೆಡ್ ಮಾಸ್ಟರು ಚಾಮಯ್ಯ. ಅವಳಿಗೆ ಒಂಬತ್ತು ವರ್ಷ, ತೂಕ ಹದಿನಾಲ್ಕು ಕೆಜಿ. ಮಾತಿಲ್ಲ. ಕುತ್ತಿಗೆ ನಿಲ್ಲುವುದಿಲ್ಲ, ಬಲಗೈ ಬಿಗಿದುಕೊಂಡಿರುತ್ತದೆ, ಎಡಗೈ ಸ್ವಲ್ಪ ಚಾಚುತ್ತಾಳೆ. ಅಪ್ಪ ಜೆಸಿಬಿ ಓಡಿಸುತ್ತಾನೆ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ನೋಡಿಕೊಳ್ಳುವವಳು ಅಜ್ಜಿ ಶಿವನಂಜಮ್ಮ. ಆಯಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದಳು. ಚಾಮಯ್ಯ ಮೇಷ್ಟ್ರು, “ಆಫೀಸಿಂದ ಆದೇಶ ಬಂದೈತೆ ಮೇಡಂ, ಎಸ್ರು ಬರ್ಕಳಿ” ಎಂದರು. ಬರೆದುಕೊಂಡೆ. ಗೌತಮಿಯ ನೆನಪಾಗಿ ಸೇರಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ. ನೀನು ಬಂದಾಗ ನಿನ್ನ ಕೈಯಲ್ಲಿ ಆದೇಶ ಇರಲಿಲ್ಲ, ಮಗು ಮಾತ್ರ ಇತ್ತು. ವ್ಯತ್ಯಾಸ ಅಷ್ಟೇ.

ಮೊದಲ ಮೂರು ತಿಂಗಳು ಅವಳನ್ನು ಬಾಗಿಲ ಪಕ್ಕ ಕೂರಿಸಿದೆ. ಕುರ್ಚಿಗೆ ಹಳೇ ಸೀರೆಯಿಂದ ಕಟ್ಟಿ, ಮುಂದೆ ಬಣ್ಣದ ಪೆನ್ಸಿಲ್ ಇಡುತ್ತಿದ್ದೆ. ಅವಳು ಪೆನ್ಸಿಲ್ ಹಿಡಿಯಲಾರಳು ಎಂದು ನನಗೆ ಗೊತ್ತಿತ್ತು. ಜೊಲ್ಲು ಒರೆಸಲು ಹೆಣ್ಣುಮಕ್ಕಳಿಗೆ ಸರದಿ ಹಾಕಿದ್ದೆ. ಶಿವನಂಜಮ್ಮ ಹೊರಗೆ ಹೊಂಗೆಮರದ ಕೆಳಗೆ ದಿನವಿಡೀ ಕೂರುತ್ತಿದ್ದಳು. ನಾನು ದಿನವೂ ಹಾಜರಿ ಹಾಕುತ್ತಿದ್ದೆ, ಯಾರಿಗೂ ತೊಂದರೆ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅಮೃತೇಶ್ ಎಂಬವರು ಬೈಕಿನಲ್ಲಿ ಬಂದರು. ಇಂಥ ಮಕ್ಕಳಿರುವ ಶಾಲೆಗಳಿಗೆ ತಾಲ್ಲೂಕಿನಿಂದ ಬರುವ ಮೇಷ್ಟ್ರು. ನಿನಗಿಂತ ಚಿಕ್ಕವರು, ತುಂಬ ಮೆಲ್ಲಗೆ ಮಾತಾಡುತ್ತಾರೆ. “ಇವತ್ತೇನು ಪಾಠ ಮೇಡಂ?” ಎಂದು ಕೇಳಿದರು. ಭಿನ್ನರಾಶಿ ಎಂದೆ. “ಲಿಖಿತಾಗೆ?” ಎಂದರು. ಅವಳಿಗೆ ಬಣ್ಣದ ಪೆನ್ಸಿಲ್ ಕೊಟ್ಟಿದ್ದೇನೆ ಎಂದೆ. ಮೇಜಿನ ಮೇಲಿದ್ದ ಹಾಜರಿ ಪುಸ್ತಕ ನೋಡಿ, “ಹಂಗಾದ್ರೆ ಇವ್ಳು ಬಂದಿಲ್ಲ ಅಂತ ಬರ್ಕಳಿ ಮೇಡಂ. ಬಂದಿದ್ರೆ ಭಿನ್ನರಾಶಿ ಇವ್ಳ್ಗೂ ಇರ್ಬೇಕಲ್ವಾ?” ಎಂದರು. ಕೋಪವಿಲ್ಲದೆ ಹೇಳಿದರು. ನನಗೂ ಏನೂ ಅನ್ನಿಸಲಿಲ್ಲ. ಹೇಗೆ ಇರಬೇಕು ತೋರಿಸಿ ಎಂದೆ.

ಅವರು ಹೇಳಿಕೊಟ್ಟದ್ದು ದೊಡ್ಡ ವಿದ್ಯೆ ಅಲ್ಲ. ಒಂದು ಪಾಠದಲ್ಲಿ ಮಕ್ಕಳಿಗೆ ನಾವು ಹತ್ತು ವಿಷಯ ಹೇಳುತ್ತೇವೆ. ಅದರಲ್ಲಿ ತೀರಾ ಬೇಕಾದ ಒಂದನ್ನು ಇವಳಿಗಾಗಿ ಆರಿಸಬೇಕು, ಆದರೆ ಅದು ಅದೇ ಪಾಠದ್ದಾಗಿರಬೇಕು. ಕೈಗೆ ಸಿಗುವಂತೆ, ಕಣ್ಣಿಗೆ ಕಾಣುವಂತೆ ಮಾಡಬೇಕು. ಅವಳಿಗೆ ಸಾಧ್ಯವಾದ ರೀತಿಯಲ್ಲಿ ಉತ್ತರ ಹೇಳಲು ಬಿಡಬೇಕು. ಭಿನ್ನರಾಶಿಯಲ್ಲಿ ಅವಳಿಗೆ ‘ಅರ್ಧ’ ಒಂದೇ ಸಾಕು ಎಂದರು. ನಾನು ಹಳೇ ಫೋಮ್ ಚಾಪೆಯಿಂದ ರೊಟ್ಟಿಯಗಲದ ವೃತ್ತಗಳನ್ನು ಕತ್ತರಿಸಿದೆ. ಒಂದನ್ನು ಇಡಿಯಾಗಿ ಬಿಟ್ಟೆ, ಒಂದನ್ನು ಎರಡು ಮಾಡಿದೆ. ಅವಳ ಎಡಗೈಯಿಂದ ಅಂಚು ಮುಟ್ಟಿಸಿ, ಒಂದನ್ನು ಈ ಕಡೆ, ಒಂದನ್ನು ಆ ಕಡೆ ಹಿಡಿದು, “ಅರ್ಧ ಯಾವುದು?” ಎಂದು ಕೇಳಬೇಕು. ಅವಳು ಯಾವುದರ ಕಡೆ ನೋಡುತ್ತಾಳೋ ಅದು ಉತ್ತರ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಇಪ್ಪತ್ತೊಂದು ವರ್ಷದ ಸರ್ವೀಸಿನಲ್ಲಿ ನನಗೆ ಅದಕ್ಕಿಂತ ಕಷ್ಟದ ಕೆಲಸ ಬಂದಿರಲಿಲ್ಲ. ಮೂರಕ್ಕೇ ನನ್ನ ಬಾಯಿ ತೆರೆಯುತ್ತಿತ್ತು. ಮತ್ತೆ ಕೇಳುತ್ತಿದ್ದೆ, ನಾನೇ ಉತ್ತರ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಹತ್ತು ದಿನ ಏನೂ ಆಗಲಿಲ್ಲ. ಆಗುವುದಿಲ್ಲ ಎಂದು ರಿಪೋರ್ಟ್ ಬರೆಯಲು ಹಾಳೆ ತೆಗೆದಿಟ್ಟಿದ್ದೆ.

ಹನ್ನೊಂದನೆಯ ದಿನ ಶಿವನಂಜಮ್ಮ ಮಗುವಿಗೆ ನೀರು ಕುಡಿಸಲು ಒಳಗೆ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅರ್ಧವನ್ನು ಎತ್ತಿ, “ಇದು ಅರ್ಧಾನಾ?” ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಕೈ ಇಳಿಸಿದೆ. ಆಗ ಅಜ್ಜಿ, “ಅಯ್, ಯೋಳುದ್ಲಲ್ಲವ್ವ ಮಗ! ಊಂ ಅನ್ನಂಗಿದ್ರೆ ಮ್ಯಾಕ್ ನೋಡ್ತಾಳೆ ಕಣವ್ವ. ನೀನು ಕೇಳ್ತೀಯ, ಆಮ್ಯಾಕೆ ಕಾಯಕ್ಕಿಲ್ಲ, ಒಂಟೋಯ್ತೀಯ” ಎಂದಳು. ನಾನು ಮತ್ತೆ ಅರ್ಧವನ್ನು ಎತ್ತಿ ಕೇಳಿದೆ. ಎಣಿಸಿದೆ. ಏಳಕ್ಕೆ ಲಿಖಿತಾಳ ಕಣ್ಣು ಮೇಲಕ್ಕೆ, ಸೂರಿನ ಕಡೆಗೆ ಹೋಯಿತು. ಇಡಿಯದನ್ನು ತೋರಿಸಿ ಅರ್ಧಾನಾ ಎಂದೆ. ಹತ್ತಾದರೂ ಕಣ್ಣು ಏಳಲಿಲ್ಲ. ಮತ್ತೆ ಅರ್ಧ ತೋರಿಸಿದೆ. ಮತ್ತೆ ಎದ್ದಿತು.

ನಂಜುಂಡೇಶ, ಮುಂದಿನದನ್ನು ನೀನು ಓದಲೇಬೇಕೆಂದಿಲ್ಲ. ಬೇಡವೆನಿಸಿದರೆ ಈ ಪ್ಯಾರಾ ಬಿಟ್ಟುಬಿಡು. ನೀನು ಗೌತಮಿಯನ್ನು ಕರೆತಂದ ದಿನ ಅವಳಿಗೆ ಹಳದಿ ಲಂಗ ಹಾಕಿಸಿದ್ದೆ, ಎರಡು ಜಡೆ ಹೆಣೆಸಿದ್ದೆ. ಬಸ್‌ಸ್ಟಾಪಿನಿಂದ ಹೊತ್ತು ತಂದು ಸ್ಟಾಫ್ ಬೆಂಚಿನ ಮೇಲೆ ನಿನ್ನ ತೊಡೆಗೆ ಒರಗಿಸಿ ಕೂರಿಸಿಕೊಂಡೆ. “ಅಕ್ಕಾ, ಓದು ಬರೋದು ಬ್ಯಾಡ. ಮಕ್ಕಳ ಜೊತೇಲಿ ಕೂತ್ಕಳ್ಳಿ, ಅಷ್ಟೇಯ” ಎಂದೆ. ನಾನು ಅವಳ ಗಲ್ಲ ಹಿಡಿದು, “ಏನ್ ಪುಟ್ಟಿ, ಸ್ಕೂಲಿಗೆ ಬರ್ತೀಯಾ?” ಎಂದು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ, ಮಕ್ಕಳನ್ನು ಕಂಡರೆ ಬಾಯಿಗೆ ಬರುವ ಮಾತು. ಅವಳು ಮೇಲೆ ನೋಡಿದಳು. ನಾನು ನಿನಗೆ ಹೇಳಿದೆ, “ನೋಡು, ಫ್ಯಾನ್ ನೋಡ್ತಾಳೆ. ನನ್ನ ಮಾತೇ ಅವಳಿಗೆ ಮುಟ್ಟಿಲ್ಲ. ಇಂಥ ಮಗೂನ ಕೂರಿಸ್ಕೊಂಡು ನಾನು ಏನ್ ಪಾಠ ಮಾಡ್ಲಿ?” ನೀನು ಅವಳನ್ನು ಎತ್ತಿಕೊಂಡೆ. ಲಿಖಿತಾಳ ಮುಂದೆ ಆ ಫೋಮಿನ ತುಂಡು ಹಿಡಿದು ನಿಂತಿದ್ದಾಗ ಇನ್ನೊಂದು ನೆನಪಾಯಿತು. ಅವತ್ತು ಕರೆಂಟ್ ಇರಲಿಲ್ಲ. ಫ್ಯಾನ್ ನಿಂತಿತ್ತು. ಮೇಲೆ ನೋಡುವುದಕ್ಕೆ ಏನೂ ಇರಲಿಲ್ಲ. ಅವಳೂ ಹಾಗೆಯೇ ಹೂಂ ಎನ್ನುತ್ತಿದ್ದಳೋ ಏನೋ ನನಗೆ ಗೊತ್ತಿಲ್ಲ. ನಿನಗೆ, ಮಂಗಳನಿಗೆ ಗೊತ್ತಿರುತ್ತದೆ. ನೀನು ಹೇಳಬೇಕಾಗಿಲ್ಲ.

ನಾನು ಆಗ ಏನು ಮಾಡಿದೆ ಎಂದು ನೀನು ಕೇಳಬಹುದು. ಪಾಠ ಮುಗಿಸಿದೆ. ಬೋರ್ಡ್ ಒರೆಸಿದೆ. ಊಟದ ಬೆಲ್ ಆಯಿತು, ಅನ್ನ ಸಾರು ಇತ್ತು, ಎರಡನೆಯ ಸಲವೂ ಹಾಕಿಸಿಕೊಂಡು ತಿಂದೆ. ಮಧ್ಯಾಹ್ನ ಕನ್ನಡ ತೆಗೆದುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮನೆಗೆ ಬಂದು ಆ ರಿಪೋರ್ಟಿಗೆ ತೆಗೆದಿಟ್ಟ ಹಾಳೆಯ ಮೇಲೆ ಮಾರನೆಯ ದಿನದ ಪಾಠಗಳನ್ನು ಬರೆದು, ಪ್ರತಿಯೊಂದರ ಪಕ್ಕ ಲಿಖಿತಾಗೆ ಏನು ಎಂದು ಬರೆದೆ. ದುಃಖವಾದರೆ ಚೆನ್ನಾಗಿತ್ತು. ಆಗಲಿಲ್ಲ. ಕೆಲಸ ಇತ್ತು, ಮಾಡಿದೆ.

ಅವತ್ತಿನಿಂದ ಅವಳ ಐದನೆಯ ಕ್ಲಾಸು ಮುಗಿಯುವವರೆಗೆ ಪ್ರತಿ ಭಾನುವಾರ ಆ ವಾರದ ಪಾಠಗಳಿಗೆ ಅದನ್ನೇ ಮಾಡಿದೆ. ನಿನಗೆ ಇದರಲ್ಲಿ ಆಸಕ್ತಿ ಇದೆಯೋ ಇಲ್ಲವೋ, ನನಗೆ ಬೇರೆ ಯಾರಿಗೂ ಹೇಳಬೇಕೆನಿಸಿಲ್ಲ. ಗುಣಾಕಾರದ ಪಾಠಕ್ಕೆ ರಟ್ಟಿನ ಕೊಳವೆಯನ್ನು ಓರೆಯಾಗಿ ಅಂಟಿಸಿ ಅದರ ಬಾಯಲ್ಲಿ ದಾಳ ಇಟ್ಟೆ. ಅವಳು ಎಡಮುಷ್ಟಿಯಿಂದ ತಳ್ಳಿದರೆ ದಾಳ ಉರುಳಿ ಕೆಳಗೆ ಬೀಳುತ್ತದೆ. ಬಿದ್ದ ಸಂಖ್ಯೆಯ ಮಗ್ಗಿಯಲ್ಲಿ ಉಳಿದವರು ಲೆಕ್ಕ ಮಾಡಬೇಕು. ಬಿದ್ದ ಸಂಖ್ಯೆಯಷ್ಟೇ ಹುಣಸೆಬೀಜ ಇರುವ ತಟ್ಟೆ ಯಾವುದೆಂದು ಅವಳು ಎರಡರಲ್ಲಿ ಒಂದನ್ನು ನೋಡಿ ಹೇಳಬೇಕು. ಒಂದು ವಾರದಲ್ಲಿ ಮಕ್ಕಳು, “ಮಿಸ್, ಲಿಖಿತಾ ಆರು ಆಕವ್ಳೆ! ಆರರ ಮಗ್ಗಿ ಬ್ಯಾಡ ಅಂತ ಯೋಳಿ ಮಿಸ್!” ಎಂದು ಅವಳ ಮೇಲೆ ದೂರು ತರಲು ಶುರುಮಾಡಿದರು. ಅವಳ ಮೇಲೆ ದೂರು ಬಂದದ್ದು ಅದೇ ಮೊದಲು. ಅಮೃತೇಶ್ ಒಂದು ಗುಂಡಿ ತಂದುಕೊಟ್ಟರು, ಒತ್ತಿದರೆ ಅದರಲ್ಲಿ ರೆಕಾರ್ಡ್ ಮಾಡಿದ ಮಾತು ಕೇಳಿಸುತ್ತದೆ. ಕನ್ನಡ ಪಾಠದ ಕತೆಯಲ್ಲಿ ಮತ್ತೆ ಮತ್ತೆ ಬರುವ ಸಾಲನ್ನು ಪಕ್ಕದ ಹುಡುಗಿಯ ದನಿಯಲ್ಲಿ ತುಂಬಿಸಿದೆ. ಆ ಸಾಲು ಬಂದಾಗ ಲಿಖಿತಾ ಒತ್ತಬೇಕು. ಒಂದು ದಿನ ಮುಂಚೆಯೇ ಒತ್ತಿಬಿಟ್ಟಳು. ಕ್ಲಾಸೆಲ್ಲ ನಕ್ಕಿತು. ಅವಳೂ ನಕ್ಕಳು. ಬೇಕೆಂದೇ ಎರಡನೆಯ ಸಲ ಒತ್ತಿದಳು. ನಾನು ಎಲ್ಲರಿಗೂ ಗದರಿದಂತೆಯೇ ಅವಳಿಗೂ ಗದರಿದೆ. ಶಿವನಂಜಮ್ಮನಿಗೆ ಅದೇ ದೊಡ್ಡ ಸುದ್ದಿಯಾಗಿ, “ನಮ್ ಲಿಖಿತಂಗೆ ಮೇಷ್ಟ್ರಮ್ಮ ಬೋದ್ರು ಕಣ್ರೀ” ಎಂದು ಬೀದಿಯೆಲ್ಲ ಹೇಳಿಕೊಂಡು ಬಂದಳು.

ಐದನೆಯ ಕ್ಲಾಸಿನಲ್ಲಿ ಜಿಲ್ಲೆಯ ನದಿಗಳ ಪಾಠಕ್ಕೆ ವರಾಂಡದ ನೆಲದ ಮೇಲೆ ಮೈಸೂರು ಜಿಲ್ಲೆಯನ್ನು ಸೀಮೆಸುಣ್ಣದಲ್ಲಿ ಬರೆದೆವು. ಅಷ್ಟು ಹೊತ್ತಿಗೆ ಅವಳಿಗೆ ಗಾಲಿಕುರ್ಚಿ ಬಂದಿತ್ತು. ಮಕ್ಕಳು ಕಪಿಲೆಯ ಗೆರೆಯ ಮೇಲೆ ಕುರ್ಚಿ ತಳ್ಳಿಕೊಂಡು ನಂಜನಗೂಡಿನಿಂದ ತಿ. ನರಸೀಪುರದವರೆಗೆ ಹೋದರು. ದಾರಿಯುದ್ದಕ್ಕೂ ಒಬ್ಬಳು ಅವಳ ಎಡಗೈ ಮೇಲೆ ಚೊಂಬಿನಿಂದ ನೀರು ಬಿಡುತ್ತಿದ್ದಳು. ನರಸೀಪುರದಲ್ಲಿ ಇನ್ನೊಂದು ಕೈಗೂ ನೀರು ಬಿತ್ತು, ಅದು ಕಾವೇರಿ. ಎರಡು ನದಿ ಸೇರುವುದು ಎಂದರೆ ಅವಳಿಗೆ ಎರಡೂ ಕೈ ಒದ್ದೆಯಾಗುವುದು. ಮಾರನೆಯ ದಿನ ಕಪಿಲೆ ಎಲ್ಲಿ ಕಾವೇರಿಯನ್ನು ಸೇರುತ್ತದೆ ಎಂದು ಕೇಳಿ ಎರಡು ಚಿತ್ರ ಹಿಡಿದೆ, ನಂಜನಗೂಡಿನ ದೇವಸ್ಥಾನ, ನರಸೀಪುರದ ಸಂಗಮ. ಒಂಬತ್ತು ಎಣಿಸುವಷ್ಟರಲ್ಲಿ ಸಂಗಮದ ಕಡೆ ನೋಡಿದಳು.

ಎಲ್ಲವೂ ಹೀಗೆ ನಡೆಯಿತೆಂದು ತಿಳಿಯಬೇಡ. ಮೊದಲ ವರ್ಷ ಫೆಬ್ರವರಿಯಲ್ಲಿ ಕ್ಲಾಸಿನಲ್ಲೇ ಫಿಟ್ಸ್ ಬಂದು ಆರು ವಾರ ಬರಲಿಲ್ಲ. ಬಂದಾಗ ಅರ್ಧವೂ ಮರೆತಿತ್ತು, ಮೊದಲಿನಿಂದ ಶುರುಮಾಡಿದೆವು. ಅವಳಿಗಾಗಿ ಕಾಯುತ್ತ ಎರಡು ಪಾಠ ಮುಗಿಸಲಾಗಲಿಲ್ಲ. ಒಬ್ಬ ತಂದೆ ಬಂದು, “ನಿಮ್ ಟೈಮೆಲ್ಲ ಆ ಒಂದು ಮಗೀಗೆ ಓಯ್ತದೆ ಮೇಡಂ, ನಮ್ ಮಕ್ಕಳ್ ಕತೆ ಏನು?” ಎಂದು ಕೇಳಿದ. ಅವನ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಉಳಿದ ಎರಡು ಪಾಠವನ್ನು ಎರಡು ಶನಿವಾರ ಮಧ್ಯಾಹ್ನ ನಿಲ್ಲಿಸಿಕೊಂಡು ಮುಗಿಸುತ್ತೇನೆ ಎಂದೆ, ಮುಗಿಸಿದೆ. ಈ ಮಾರ್ಚ್‌ನಲ್ಲಿ ಐದನೆಯ ಕ್ಲಾಸಿನ ಪರೀಕ್ಷೆ ಆಯಿತು. ಅವಳಿಗೂ ಅದೇ ಪಾಠಗಳಿಂದ ಹದಿನಾರು ಪ್ರಶ್ನೆ, ಒಂದೊಂದಕ್ಕೆ ಎರಡೆರಡು ಚಿತ್ರ. ಹನ್ನೊಂದು ಸರಿ ಬಂತು. ನಾನು ಅಮೃತೇಶ್ ಕಡೆ ನೋಡಿದೆ. ಅವರು ಸುಳ್ಳು ಹೇಳುವ ಮನುಷ್ಯ ಅಲ್ಲ. “ಸುಮ್ನೆ ಎತ್ಲಾಗೋ ನೋಡಿದ್ರೂ ಎಂಟು ಬರ್ತದೆ ಮೇಡಂ. ಮೂರು ಜಾಸ್ತಿ ಬಂದವೆ, ಅಷ್ಟೇಯ” ಎಂದರು. ಆ ಮೂರು ಯಾವುವೆಂದು ಯಾರಿಗೂ ಗೊತ್ತಿಲ್ಲ. ನಾನು ಹನ್ನೊಂದು ಎಂದೇ ಬರೆದೆ. ಪಾಸಾಗಿದ್ದಾಳೆ.

ನಮ್ಮಲ್ಲಿ ಆರನೆಯ ಕ್ಲಾಸಿಲ್ಲ. ಏಪ್ರಿಲ್ ಹತ್ತಕ್ಕೆ ಫಲಿತಾಂಶ ಓದಿ ಮಕ್ಕಳನ್ನು ಕಳಿಸಿದೆ. ಲಿಖಿತಾಳ ಕುರ್ಚಿಯನ್ನು ಮಕ್ಕಳು ಗೇಟಿನವರೆಗೆ ತಳ್ಳಿಕೊಂಡು ಹೋದರು. ಶಿವನಂಜಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿದೆ. ಕ್ಷಮಿಸು ಎಂದು ನಿನಗೆ ಬರೆಯುವ ಧೈರ್ಯ ಇದರಿಂದೆಲ್ಲ ಬಂದಿಲ್ಲ. ಲಿಖಿತಾಗೆ ಮಾಡಿದ್ದು ಲಿಖಿತಾಗೆ. ಅದನ್ನು ತಂದು ಗೌತಮಿಯ ಜಾಗದಲ್ಲಿಟ್ಟು ಸರಿಹೋಯಿತು ಎನ್ನುವಷ್ಟು ಮರೆವು ನನಗಿನ್ನೂ ಬಂದಿಲ್ಲ.

ಅವ್ವ ನಿನ್ನನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತಾಳೆ. ನನ್ನ ಮೇಲಿನ ಕೋಪ ಹಾಗೇ ಇರಲಿ, ಅವಳನ್ನು ಒಮ್ಮೆ ಬಂದು ನೋಡಿ ಹೋಗು. ನೀನು ಬರುವ ದಿನ ತಿಳಿಸಿದರೆ ನಾನು ಶಾಲೆಯಲ್ಲೇ ಸಂಜೆಯವರೆಗೆ ಇರುತ್ತೇನೆ. ಮಂಗಳನಿಗೆ ಅವ್ವ ಮೆಂತ್ಯದ ಹಿಟ್ಟು ಮಾಡಿಟ್ಟಿದ್ದಾಳೆ. ನಿಮ್ಮಿಬ್ಬರ ಮೈಯಲ್ಲಿ ಆರೋಗ್ಯವಿರಲಿ, ಮನೆಯಲ್ಲಿ ನೆಮ್ಮದಿಯಿರಲಿ ಎಂದು ಕೇಳಿಕೊಳ್ಳುವುದಕ್ಕೆ ನನಗೆ ಅರ್ಹತೆ ಇದೆಯೋ ಇಲ್ಲವೋ, ದೊಡ್ಡವಳಾಗಿ ಕೇಳಿಕೊಳ್ಳುತ್ತೇನೆ.

ನಿನ್ನ ಅಕ್ಕ,
ನಾಗರತ್ನ

ತಾ.ಕ.: ಇದನ್ನೇ ಮೊದಲು ಬರೆಯಬೇಕಿತ್ತು, ಆಗಲಿಲ್ಲ. ನಿನ್ನ ಭಾವ ಪೋಸ್ಟಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಶಿವನಂಜಮ್ಮನ ದೊಡ್ಡ ಮಗಳನ್ನು ಕೊಟ್ಟಿರುವುದು ನಿಮ್ಮ ಊರಿಗೆ. ಮನೆ ಎದುರಿಗೇ ಹೈಯರ್ ಪ್ರೈಮರಿ ಶಾಲೆ ಇದೆ ಎಂದು ಅಜ್ಜಿ ಮೊಮ್ಮಗಳು ಹೋದ ವಾರ ಅಲ್ಲಿಗೇ ಬಂದಿದ್ದಾರೆ. ಆರನೆಯ ಕ್ಲಾಸಿಗೆ ಸೇರಿಸಲು ಕೇಳಿದರೆ ಅಲ್ಲಿನ ಹೆಡ್ ಮಾಸ್ಟರು ಬೇಡ, ಮನೆಯಲ್ಲೇ ಇರಲಿ, ಹದಿನೈದು ದಿನಕ್ಕೊಮ್ಮೆ ಯಾರಾದರೂ ಬಂದು ನೋಡುತ್ತಾರೆ ಎಂದಿದ್ದಾರೆ. ನಾನೇ ಫೋನ್ ಮಾಡಿದೆ. “ಇಂಥ ಮಗೂನ ಕೂರಿಸ್ಕೊಂಡು ನಾವು ಏನ್ ಪಾಠ ಮಾಡೋದು ಮೇಡಂ?” ಎಂದರು. ನಾನು ನಿನಗೆ ಹೇಳಿದ್ದೂ ಅದೇ ಮಾತು, ಅದಕ್ಕೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಕಾನೂನು ನಮ್ಮ ಕಡೆ ಇದೆ, ಅಮೃತೇಶ್ ಅರ್ಜಿ ಬರೆದುಕೊಟ್ಟಿದ್ದಾರೆ, ಅಜ್ಜಿಯ ಹತ್ತಿರ ಇದೆ. ಆದರೆ ಆಯಮ್ಮ ಒಬ್ಬಳೇ ಹೋದರೆ ಬಾಗಿಲಿಂದಲೇ ಕಳಿಸುತ್ತಾರೆ. ಡೇರಿ ಸೆಕ್ರೆಟರಿ ಜೊತೆಗೆ ನಿಂತರೆ ಕಳಿಸುವುದಿಲ್ಲ. ಮೇ ಇಪ್ಪತ್ತೊಂಬತ್ತು, ಗುರುವಾರ, ಶಾಲೆ ಶುರು. ಹತ್ತು ಗಂಟೆಗೆ ನೀನು ಅವರ ಜೊತೆ ಹೋಗು. ಹೆಡ್ ಮಾಸ್ಟರು ಅವಳನ್ನು ಏನಾದರೂ ಕೇಳಿದರೆ, ಹತ್ತರವರೆಗೆ ಎಣಿಸಿ ಆಮೇಲೆ ಮಾತಾಡಲು ಹೇಳು. ಗೇಟಿನ ಹತ್ತಿರ ಮೂರು ಮೆಟ್ಟಿಲಿವೆಯಂತೆ, ಕುರ್ಚಿ ಹತ್ತುವುದಿಲ್ಲ, ಎತ್ತಿಕೊಂಡೇ ಹೋಗಬೇಕು. ಈಗ ಹದಿನೇಳು ಕೆಜಿ ಇದ್ದಾಳೆ, ನಿನ್ನ ಸೊಂಟಕ್ಕೆ ಕಷ್ಟ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಕುತ್ತಿಗೆಗೆ ಕೈ ಕೊಡಬೇಕು. ಅದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.